ಹತ್ತಕ್ಕೆ ಹತ್ತು ಯಾಕೆ ಕೊಟ್ಟಿರಿ?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಜೀವನದಲ್ಲಿ ಮೊದಲ ಸಲ ಹೊಸ ಕಾರು ಕೊಂಡೆ. ಸೆಡಾನ್. ಶೋರೂಂ ಬೆಲೆಯೇ 15 ಲಕ್ಷ. ಮೊದಲ ತಿಂಗಳಿಂದಲೇ ಡ್ಯಾಶ್‌ಬೋರ್ಡ್‌ನಲ್ಲಿ ಕಟಕಟ ಶಬ್ದ. ಮಳೆ ಬಂದರೆ ಡಿಕ್ಕಿಯೊಳಗೆ ನೀರು. ರಿವರ್ಸ್ ಹಾಕಿದಾಗ ಒಮ್ಮೊಮ್ಮೆ ಪರದೆ ಕಪ್ಪಾಗುತ್ತದೆ. ನಾಲ್ಕು ಸಲ ಸರ್ವಿಸ್ ಸೆಂಟರಿಗೆ ಬಿಟ್ಟೆ. 'ಈ ಮಾಡೆಲ್ ಇರೋದೇ ಹಾಗೆ ಸಾರ್' ಅನ್ನುತ್ತಾರೆ. ಹುಡುಗರು ಒಳ್ಳೆಯವರು, ಪಾಪ. ಫೀಡ್‌ಬ್ಯಾಕ್ ಕರೆ ಬಂದಾಗಲೆಲ್ಲ ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ. ಈಗಿನ ಕಾರುಗಳ ಗುಣಮಟ್ಟವೇ ಬಿದ್ದುಹೋಗಿದೆಯಾ? ಮಾರಿಬಿಡಿ ಅನ್ನುತ್ತಾಳೆ ನನ್ನಾಕೆ. ಮಾರಿದರೆ ಕೊಳ್ಳುವವರಿಗೆ ನೀರಿನ ವಿಷಯ ಹೇಳಬೇಕಾ? ದಯವಿಟ್ಟು ಈ ಪತ್ರವನ್ನು ಕಂಪನಿಯ ಹೆಸರು ಸಮೇತ ಪ್ರಕಟಿಸಿ."

(ಬೆಂಗಳೂರಿನ ವಿಜಯನಗರದ ಓದುಗರು. ತಮ್ಮ ಹೆಸರು ಮಾತ್ರ ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಡಿಕ್ಕಿಯಲ್ಲಿ ನೀರು, ಡ್ಯಾಶ್‌ಬೋರ್ಡ್‌ನಲ್ಲಿ ಕಟಕಟ, ಕಪ್ಪಾಗುವ ಪರದೆ. ಇದ್ಯಾವುದಕ್ಕೂ ನಾನು ಬೆಚ್ಚಿಬೀಳಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ ಅಂತ ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ಮಾತ್ರ ಪತ್ರವನ್ನು ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದೆ.

ಮೊದಲು ನಿಮ್ಮ ಪ್ರಶ್ನೆ. ಗುಣಮಟ್ಟ ಬಿದ್ದುಹೋಗಿದೆಯಾ? ಇಲ್ಲ ಅಂತಲೇ ಹೇಳಬೇಕು. ನಮ್ಮ ಕಾಲದ ಅಂಬಾಸಿಡರ್ ನೆನಪಿಸಿಕೊಳ್ಳಿ. ಹಾರ್ನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತೆ ಅಂತ ಅದರ ಮೇಲೆ ಜೋಕೇ ಇತ್ತು. ಆ ಗಾಡಿ 2014ರವರೆಗೂ ತಯಾರಾಗುತ್ತಿತ್ತು! ವರ್ಷಗಟ್ಟಲೆ ಕಾದು ಕಾರು ತಂದವರು ಅದರ ಜೊತೆಗೇ ಒಬ್ಬ ಮೆಕ್ಯಾನಿಕ್‌ನನ್ನೂ ಹುಡುಕಿಕೊಳ್ಳುತ್ತಿದ್ದರು. ಈಗ ಹಾಗಿಲ್ಲ. ಸಣ್ಣ ಸ್ಕ್ರೂ ಸಮೇತ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗಗಳಿರುತ್ತವೆ. ಅಷ್ಟರಲ್ಲಿ ಒಂದೆರಡು ಕೈಕೊಡೋದು ಸಹಜ. ಯಾವ ಯಂತ್ರವಾದರೂ ಹೊಸದರಲ್ಲಿ ಸ್ವಲ್ಪ ಕಾಟ ಕೊಟ್ಟು, ಆಮೇಲೆ ವರ್ಷಗಟ್ಟಲೆ ಸುಮ್ಮನಿದ್ದು, ಮುದಿತನದಲ್ಲಿ ಮತ್ತೆ ಶುರುಮಾಡುತ್ತದೆ ಅಂತ ಎಂಜಿನಿಯರುಗಳು ಗ್ರಾಫ್ ಹಾಕಿ ತೋರಿಸುತ್ತಾರೆ. ಅದೂ ನಿಜವೇ. ಕಂಪನಿಯ ಪರವಾಗಿ ಇಷ್ಟು ಸಾಕು.

ಈಗ ನಿಮ್ಮ ಕಡೆಗೆ ಬರೋಣ. 15 ಲಕ್ಷದ ಕಾರಿಗೆ ನಮ್ಮ ರಾಜ್ಯ ತೆಗೆದುಕೊಳ್ಳುವ ಆಜೀವ ತೆರಿಗೆ 17 ಶೇಕಡ. ಅಂದರೆ ಎರಡೂವರೆ ಲಕ್ಷಕ್ಕಿಂತ ಜಾಸ್ತಿ. ಅದರ ಮೇಲೆ ಸೆಸ್ಸು, ವಿಮೆ, ಮ್ಯಾಟು, ಮಡ್ ಫ್ಲಾಪು. ಇಷ್ಟು ಕೊಟ್ಟವನಿಗೆ ಒಣಗಿದ ಡಿಕ್ಕಿ ಕೇಳುವ ಹಕ್ಕಿಲ್ಲವೇ?

ಡಿಕ್ಕಿಗೆ ನೀರು ಬರೋದು ದೇವರ ಲೀಲೆಯಲ್ಲ. ದಾರಿಗಳು ಬೆರಳೆಣಿಕೆಯಷ್ಟು. ಡಿಕ್ಕಿ ಸುತ್ತಲಿನ ರಬ್ಬರ್ ಬೀಡಿಂಗ್ ಸರಿಯಾಗಿ ಕೂತಿಲ್ಲ, ಇಲ್ಲವೇ ಹಿಂದಿನ ದೀಪದ ಗ್ಯಾಸ್ಕೆಟ್ ಮಡಚಿಕೊಂಡಿದೆ, ಇಲ್ಲವೇ ತಗಡು ತಗಡು ಕೂಡುವ ಕಡೆ ಬಳಿಯುವ ಸೀಲೆಂಟ್ ಎಲ್ಲೋ ಬಿಟ್ಟುಹೋಗಿದೆ. ನನ್ನ ಸ್ನೇಹಿತರೊಬ್ಬರ ಗಾಡಿಗೂ ಇದೇ ಕಾಯಿಲೆ ಇತ್ತು. ಅದು ವಾರಂಟಿ ಮುಗಿದ ಗಾಡಿ. ವಿಲ್ಸನ್ ಗಾರ್ಡನ್‌ನ ಒಂದು ಗ್ಯಾರೇಜಿಗೆ ಒಯ್ದರು, ಜೊತೆಗೆ ನಾನೂ ಹೋಗಿದ್ದೆ. ಮೇಸ್ತ್ರಿ ಮೊದಲು ಡಿಕ್ಕಿಯ ಕಾರ್ಪೆಟ್ ಎತ್ತಿದರು. ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಜ್ಯಾಕು ತುಕ್ಕು ಹಿಡಿದು ಕೂತಿತ್ತು. ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ನೀರು ತೆಗೆದು, ಒರೆಸಿ, ಒಳಗೋಡೆಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರು. ಸಣಕಲು ಹುಡುಗನೊಬ್ಬ ಟಾರ್ಚ್ ಹಿಡಿದು ಒಳಗೆ ಮುದುರಿ ಕೂತ. ಬಾಗಿಲು ಮುಚ್ಚಿ ಮೇಲಿಂದ ಪೈಪಿನಲ್ಲಿ ನೀರು ಬಿಟ್ಟರು. "ಬಂತು ಬಂತು, ಎಡಗಡೆ ಲೈಟಿಂದ" ಅಂತ ಒಳಗಿನಿಂದ ಕೂಗು. ಬಾಗಿಲು ತೆಗೆದು ನೋಡಿದರೆ ಪೌಡರ್ ಮೇಲೆ ನೀರಿನ ಗೆರೆ, ದೀಪದ ಮೂಲೆಯಿಂದ ಶುರುವಾಗಿ ಸ್ಟೆಪ್ನಿಯ ತನಕ. ಹೊಸ ಗ್ಯಾಸ್ಕೆಟ್ ಹಾಕಿದರು, ಮುಗಿಯಿತು. ಕಂಪ್ಯೂಟರ್ ಬೇಡ, ಸ್ಕ್ಯಾನರ್ ಬೇಡ. ಹಾಗಂತ ನೀವು ಈಗಲೇ ಹೊರಗಿನ ಗ್ಯಾರೇಜಿಗೆ ಓಡಬೇಡಿ. ವಾರಂಟಿ ಇರುವಾಗ ಹೊರಗಿನವರು ದೀಪ ಬಿಚ್ಚಿದರು ಅಂತ ಗೊತ್ತಾದರೆ ಕಂಪನಿಗೆ ಜಾರಿಕೊಳ್ಳಲು ಒಳ್ಳೆಯ ನೆಪ ಸಿಗುತ್ತದೆ. ಸರ್ವಿಸ್ ಸೆಂಟರಿನವರಿಗೇ "ನನ್ನ ಮುಂದೆ ನೀರು ಬಿಟ್ಟು ತೋರಿಸಿ" ಅನ್ನಿ. ಕಾರ್ಖಾನೆಯಲ್ಲಿ ಗಾಡಿಗಳಿಗೆ ನೀರಿನ ಪರೀಕ್ಷೆ ಮಾಡಿಯೇ ಹೊರಗೆ ಬಿಡೋದು. ಇನ್ನೊಂದು ಸಲ ಮಾಡಿದರೆ ಅವರ ಗಂಟೇನೂ ಹೋಗೋದಿಲ್ಲ.

ಕಟಕಟ ಶಬ್ದದ್ದು ಬೇರೆ ಕಥೆ. ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ. ಮಧ್ಯಾಹ್ನ ಮಾಗಡಿ ರಸ್ತೆಯ ಹಂಪ್ ಮೇಲೆ ಕೇಳಿಸಿದ ಶಬ್ದ, ಬೆಳಗ್ಗೆ ಒಂಬತ್ತಕ್ಕೆ ಸರ್ವಿಸ್ ಸೆಂಟರಿನ ಅಡ್ವೈಸರ್ ಒಂದು ರೌಂಡ್ ಹೊಡೆದರೆ ಕೇಳಿಸೋದಿಲ್ಲ. "ಶಬ್ದ ಬರ್ತಾನೇ ಇಲ್ಲ ಸಾರ್" ಅಂತ ಅವನು ಹೇಳಿದರೆ ಅದು ಸುಳ್ಳಲ್ಲ. ಪಕ್ಕದ ಸೀಟಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ, ಎಷ್ಟು ವೇಗ, ಎಂಥ ರಸ್ತೆ, ಯಾವ ಹೊತ್ತು ಅಂತ ಬರೆದುಕೊಡಿ. ಪರದೆಯದ್ದು ಸಾಫ್ಟ್‌ವೇರ್ ತೊಂದರೆ ಇರಬಹುದು. ಅಪ್‌ಡೇಟ್ ಮಾಡಿದೆವು ಅಂದರೆ ಹಿಂದಿನ ವರ್ಷನ್ ಯಾವುದು, ಈಗಿನದು ಯಾವುದು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಬರೆಸಿಕೊಳ್ಳಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪತ್ರದಲ್ಲಿ ಜಾಬ್ ಕಾರ್ಡ್, ಅಂದರೆ ಗಾಡಿ ಬಿಡುವಾಗ ದೂರು ಬರೆದುಕೊಳ್ಳುವ ಹಾಳೆ, ಅನ್ನುವ ಮಾತೇ ಇಲ್ಲ. ನಾಲ್ಕು ಸಲ ಗಾಡಿ ಬಿಟ್ಟಿದ್ದೀರಿ. ನಾಲ್ಕೂ ಸಲ ಆ ಹಾಳೆಯಲ್ಲಿ ಏನು ಬರೆದಿದ್ದಾರೆ, ನೋಡಿದ್ದೀರಾ? ಅದರಲ್ಲಿ 'ಕಸ್ಟಮರ್ ವಾಯ್ಸ್' ಅಂತ ಒಂದು ಜಾಗ ಇರುತ್ತದೆ. ನೀವು ಐದು ನಿಮಿಷ ವಿವರಿಸಿದ್ದನ್ನು ಅಡ್ವೈಸರ್ ಅಲ್ಲಿ 'ಜನರಲ್ ಚೆಕಪ್' ಅಂತ ಎರಡೇ ಪದದಲ್ಲಿ ಮುಗಿಸಿರುತ್ತಾನೆ. ಕಂಪನಿಗೆ ತಲುಪುವುದು ಆ ಎರಡು ಪದ. ನಿಮ್ಮ ಡಿಕ್ಕಿಗೆ ನೀರು ಬಂದ ಸಂಗತಿ ಈ ಭೂಮಿಯ ಮೇಲೆ ಎಲ್ಲೂ ದಾಖಲಾಗಿಲ್ಲ, ನನಗೆ ಬರೆದ ಪತ್ರದಲ್ಲಿ ಬಿಟ್ಟು! ಬ್ಯಾಂಕಿನಲ್ಲಿ ಇದ್ದವರು ನೀವು. ಬಾಯಿಮಾತಿನ ಮೇಲೆ ಯಾರಿಗಾದರೂ ಸಾಲ ಕೊಟ್ಟಿದ್ದಿರಾ?

ಅದರ ಮೇಲೆ ಹತ್ತಕ್ಕೆ ಹತ್ತು. ಏನಾಗುತ್ತೆ ಅಂತ ನನಗೆ ಗೊತ್ತು. ಗಾಡಿ ಕೀ ಕೊಡುವಾಗ ಹುಡುಗ ಹತ್ತಿರ ಬಂದು, "ಸಾರ್, ಒಂದು ಕಾಲ್ ಬರುತ್ತೆ, ದಯವಿಟ್ಟು ಹತ್ತು ಹೇಳಿ ಸಾರ್, ಒಂಬತ್ತು ಅಂದ್ರೂ ನಂಗೆ ಕಟ್ಟಾಗುತ್ತೆ" ಅನ್ನುತ್ತಾನೆ. ಇನ್‌ಸೆಂಟಿವ್ ಅವನ ಸಂಬಳದ ದೊಡ್ಡ ಪಾಲು. ಹೇಗೆ ಇಲ್ಲ ಅನ್ನೋದು? ಅವನ ಮೇಲೆ ನನಗೆ ಸಿಟ್ಟಿಲ್ಲ. ಈ ಏರ್ಪಾಟು ಮಾಡಿದವರ ಮೇಲೆ ಇದೆ. ಗಿರಾಕಿಯ ಕರುಣೆಯನ್ನೇ ಬಳಸಿಕೊಂಡು ಗಿರಾಕಿಯ ಬಾಯಿ ಮುಚ್ಚಿಸುವ ಇಂಥ ಉಪಾಯ ಇನ್ನೊಂದಿಲ್ಲ. ಚಾರ್ಲ್ಸ್ ಗುಡ್‌ಹಾರ್ಟ್ ಅಂತ ಒಬ್ಬರು ಅರ್ಥಶಾಸ್ತ್ರಜ್ಞರಿದ್ದಾರೆ. ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿದ್ದವರು, ಒಂಥರಾ ನಿಮ್ಮವರೇ. ಯಾವುದೋ ಒಂದು ಅಂಕಿಯನ್ನು ಹಿಡಿದು ಅದರಿಂದಲೇ ಎಲ್ಲವನ್ನೂ ಹತೋಟಿಯಲ್ಲಿಡಲು ಹೊರಟರೆ, ಆ ಅಂಕಿ ನಿಜ ಹೇಳುವುದನ್ನೇ ನಿಲ್ಲಿಸುತ್ತದೆ ಅಂತ 1975ರಲ್ಲೇ ಅವರು ತೋರಿಸಿಕೊಟ್ಟರು. ನಿಮ್ಮ ಹತ್ತು ಈಗ ಯಾವುದೋ ಮೀಟಿಂಗಿನ ಪರದೆ ಮೇಲೆ ಹಸಿರು ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಬೆಂಗಳೂರಿನ ಗಿರಾಕಿಗಳೆಲ್ಲ ಖುಷಿಯಾಗಿದ್ದಾರೆ ಅಂತ ಯಾರೋ ಚಪ್ಪಾಳೆ ತಟ್ಟಿಸಿಕೊಂಡಿರುತ್ತಾರೆ. ಅವತ್ತೇ ವಿಜಯನಗರದಲ್ಲಿ ನೀವು ಡಿಕ್ಕಿಯಿಂದ ಮಗ್ಗಿನಲ್ಲಿ ನೀರು ತೋಡುತ್ತಿರುತ್ತೀರಿ.

ಬೇರೆ ಥರ ಕೇಳಲು ಬರುವುದಿಲ್ಲವೇ? ಬರುತ್ತದೆ. ಅಮೆರಿಕದಲ್ಲಿ ಜೆ.ಡಿ. ಪವರ್ ಅನ್ನುವ ಸಂಸ್ಥೆ ಹೊಸ ಕಾರಿನ ಮಾಲೀಕರನ್ನು ಮೊದಲ 90 ದಿನಗಳಲ್ಲಿ ಏನೇನು ತೊಂದರೆಯಾಯಿತು ಅಂತಲೇ ಕೇಳುತ್ತದೆ. ನೂರು ಕಾರಿಗೆ ಎಷ್ಟು ತೊಂದರೆ ಅನ್ನುವುದೇ ಅವರ ಲೆಕ್ಕ. ಈಚಿನ ವರ್ಷಗಳಲ್ಲಿ ಅಲ್ಲೂ ಜನ ಜಾಸ್ತಿ ಗೊಣಗುತ್ತಿರುವುದು ಆ ಪರದೆಗಳ ಬಗ್ಗೆಯೇ. ನಿಮಗೆ ಜೊತೆಯಿದ್ದಾರೆ, ಸಮಾಧಾನ ಮಾಡಿಕೊಳ್ಳಿ.

ಇನ್ನು ಜಪಾನ್. ಟೊಯೋಟಾ ಮನೆತನದ ಹಿರಿಯ ಸಾಕಿಚಿ ಟೊಯೋಡಾ ಕಾರು ಮಾಡಿದವನಲ್ಲ, ಮಗ್ಗ ಮಾಡಿದವನು. ನೂಲು ಹರಿದ ತಕ್ಷಣ ತಾನೇ ನಿಂತುಬಿಡುವ ಮಗ್ಗ. ಅವನ ಹೆಸರಾಂತ ಸ್ವಯಂಚಾಲಿತ ಮಗ್ಗ ಬಂದಿದ್ದು 1924ರಲ್ಲಿ. ಅದೇ ಬುದ್ಧಿಯನ್ನು ಮುಂದೆ ಕಾರ್ಖಾನೆಗೆ ತಂದರು. ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ತಪ್ಪು ಕಂಡರೆ ಹಗ್ಗ ಎಳೆಯಬಹುದು, ಅಲ್ಲೇ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಹಗ್ಗ ಎಳೆದವನಿಗೆ ಬೈಗುಳ ಇಲ್ಲ. ಆ ಕಂಪನಿಯ ಕಾರ್ಖಾನೆ ನಮ್ಮ ಬಿಡದಿಯಲ್ಲೇ ಇದೆ, ಮೈಸೂರಿಗೆ ಹೋಗುವಾಗ ನೋಡಿರುತ್ತೀರಿ. ಅವರೇನು ದೇವರಲ್ಲ. ವೇಗವರ್ಧಕ ಪೆಡಲ್ಲಿನ ಗಲಾಟೆಯಾಗಿ ಲಕ್ಷಗಟ್ಟಲೆ ಕಾರು ವಾಪಸ್ ಕರೆಸಿಕೊಂಡಾಗ, 2010ರ ಫೆಬ್ರವರಿಯಲ್ಲಿ ಕಂಪನಿಯ ಆಗಿನ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ ಸಮಿತಿ ಮುಂದೆ ಕೂತು, ನಾವು ಬೆಳೆದ ವೇಗ ಜಾಸ್ತಿಯಾಯಿತೇನೋ ಅಂತ ಹೇಳಬೇಕಾಯಿತು. ಆದರೂ ಆ ಹಗ್ಗ ನನಗೆ ಇಷ್ಟ. ನಮ್ಮ ಸರ್ವಿಸ್ ಸೆಂಟರುಗಳಲ್ಲಿ ಎಸಿ ಇದೆ, ಕ್ಯಾಪುಚಿನೋ ಇದೆ, ದೊಡ್ಡ ಟಿವಿ ಇದೆ. ಹಗ್ಗ ಇಲ್ಲ.

ಕಾರಿನ ಮಾತು ಹಾಗಿರಲಿ. ಈ ಊರಿನಲ್ಲಿ ಈಗ ಎಲ್ಲರೂ ಸ್ಟಾರ್ ಕೇಳುವವರೇ. ರಕ್ತ ಪರೀಕ್ಷೆಗೆ ಕೊಟ್ಟರೆ ರಿಪೋರ್ಟಿಗಿಂತ ಮುಂಚೆ ಸ್ಟಾರ್ ಕೇಳುವ ಮೆಸೇಜು ಬರುತ್ತದೆ. ನಮ್ಮ ಬೀದಿಯ ಗುಂಡಿಯ ಬಗ್ಗೆ ದೂರು ಕೊಟ್ಟರೆ 'ನಿಮ್ಮ ದೂರು ಇತ್ಯರ್ಥವಾಗಿದೆ, ಸೇವೆ ಹೇಗಿತ್ತು?' ಅಂತ ಬರುತ್ತದೆ. ಗುಂಡಿ ಅಲ್ಲೇ ಇದೆ, ಸ್ವಲ್ಪ ಅಗಲವಾಗಿದೆ. ಹಿಂದೆ ರೈಲ್ವೆ ಸ್ಟೇಷನ್ನಿನಲ್ಲಿ ದೂರು ಪುಸ್ತಕ ಅಂತ ಇರುತ್ತಿತ್ತು, ಕೇಳಿದರೆ ಸ್ಟೇಷನ್ ಮಾಸ್ತರರ ಮುಖ ಸಪ್ಪಗಾಗುತ್ತಿತ್ತು. ಅಲ್ಲಿ ನಮ್ಮ ಕೈಬರಹದಲ್ಲಿ ನಮಗೆ ಬೇಕಾದಷ್ಟು ಬರೆಯಬಹುದಿತ್ತು. ಈಗ ಬರೆಯಲು ಜಾಗವೇ ಇಲ್ಲ, ಒತ್ತಲು ಐದು ನಕ್ಷತ್ರ ಇದೆ. ದೂರು ಹೇಳುವವನು ಜಗಳಗಂಟ ಅಂತ ನಾವೂ ನಂಬಿಬಿಟ್ಟಿದ್ದೇವೆ. ನೀವೂ 'ಹುಡುಗರು ಒಳ್ಳೆಯವರು' ಅಂದಿರಿ. ಒಳ್ಳೆಯವರೇ ಸ್ವಾಮಿ, ನೀರು ಬರುತ್ತಿದೆಯಲ್ಲ?

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೆಟ್ಟ ಕಾರನ್ನು ಕಂಪನಿ ವಾಪಸ್ ಪಡೆಯಬೇಕೆನ್ನುವ 'ಲೆಮನ್' ಕಾನೂನು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1982ರಲ್ಲೇ ಬಂತು. ನಮ್ಮಲ್ಲಿ ಕಾರಿಗಂತಲೇ ಅಂಥದ್ದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು, ಅಪಾಯಕಾರಿ ದೋಷವಿರುವ ಗಾಡಿಗಳನ್ನು ಸರ್ಕಾರ ವಾಪಸ್ ಕರೆಸುವ ಅವಕಾಶ ಮಾಡಿದ್ದಾರೆ. ಅದು ಪ್ರಾಣಕ್ಕೆ ಸಂಚಕಾರ ತರುವ ದೋಷಗಳಿಗೆ, ಒದ್ದೆ ಡಿಕ್ಕಿಗಲ್ಲ. ನಿಮಗೆ ಆಗಿಬರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 50 ಲಕ್ಷದವರೆಗಿನ ವಸ್ತುವಿಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ನಿಮ್ಮ ಬೆಲೆಯ ಕಾರಿಗೆ ಶುಲ್ಕ 400 ರೂಪಾಯಿ, ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೆ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ಪರೀಕ್ಷೆ ಬೇಕಾದ ದೋಷವಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕು ಅನ್ನುತ್ತದೆ ಕಾಯ್ದೆ. ಆಗುತ್ತಾ ಅಂತ ನನ್ನನ್ನು ಕೇಳಬೇಡಿ. ಹೊಸ ಕಾರೇ ಕೊಡಿಸಿ ಅಂತಲೂ ಹಟ ಹಿಡಿಯಬೇಡಿ. ವಾರಂಟಿಯ ಷರತ್ತು ಕೆಟ್ಟ ಭಾಗ ಬದಲಿಸುವುದಕ್ಕೆ, ಇಡೀ ಗಾಡಿಗಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಒಂದು ಪ್ರಕರಣದಲ್ಲಿ ಹೇಳಿದೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಜಾಬ್ ಕಾರ್ಡನ್ನೇ. ಎದುರು ಪಕ್ಷದ ವಕೀಲರು ನಿಮ್ಮ ಹತ್ತಕ್ಕೆ ಹತ್ತನ್ನೂ ತೆಗೆದು ತೋರಿಸಬಹುದು, ಮರೆಯಬೇಡಿ.

ಮಾರುವ ವಿಷಯ. ನೀರಿನ ಸಂಗತಿ ಹೇಳಬೇಕಾ ಅಂತ ಕೇಳಿದಿರಿ. ಹೇಳಲೇಬೇಕು. ಹಳೇ ಕಾರಿನ ಮಾರುಕಟ್ಟೆಯ ಬಗ್ಗೆ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಮಾರುವವನಿಗೆ ಗೊತ್ತಿರುವ ಹುಳುಕು ಕೊಳ್ಳುವವನಿಗೆ ಗೊತ್ತಾಗದಿದ್ದರೆ, ಅವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಆಗ ಒಳ್ಳೆಯ ಕಾರಿದ್ದವನು ಮಾರಲೇ ಬರುವುದಿಲ್ಲ, ಮಾರುಕಟ್ಟೆಯಲ್ಲಿ ಉಳಿಯುವುದು ಹುಳುಕಿನವೇ. ಈ ಲೇಖನವನ್ನು ಮೂರು ಪತ್ರಿಕೆಗಳು ವಾಪಸ್ ಕಳಿಸಿದ್ದವು. 2001ರಲ್ಲಿ ಅಕರ್ಲಾಫ್‌ಗೆ ನೊಬೆಲ್ ಬಂತು. ಸಂಪಾದಕರ ಜಾತಿಯೇ ಅಷ್ಟು, ಬಿಡಿ. ಆದರೆ ನೀವು ಈಗಲೇ ಮಾರುವುದು ಯಾಕೆ? ವಾರಂಟಿ ಇದೆ. ಮಾರಿದರೆ ಕಟ್ಟಿದ ತೆರಿಗೆಯಲ್ಲೂ ದೊಡ್ಡ ಪಾಲು ಮುಳುಗುತ್ತದೆ. ಮನೆಯವರಿಗೆ ಒಂದು ಮಳೆಗಾಲ ತಾಳಿ ಅಂತ ನನ್ನ ಪರವಾಗಿ ಹೇಳಿ. ಐದನೇ ಸಲ ಹೋಗುವಾಗ ಮೂರೂ ದೂರುಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಅದೇ ಮಾತುಗಳು ಜಾಬ್ ಕಾರ್ಡಿನಲ್ಲಿ ಬರುವ ತನಕ ಸಹಿ ಹಾಕಬೇಡಿ. ಹುಡುಗ ಹತ್ತು ಕೇಳಿದರೆ, ಡಿಕ್ಕಿ ಒಣಗಿದ ದಿನ ಖಂಡಿತ ಕೊಡುತ್ತೇನೆ ಮಗಾ ಅನ್ನಿ.

ಕಂಪನಿಯ ಹೆಸರು ಹಾಕಿ ಅಂತ ಕೇಳಿದ್ದೀರಿ. ನಿಮ್ಮ ಹೆಸರು ಬೇಡ, ಅವರದ್ದು ಬೇಕು ಅಂದರೆ ಹೇಗೆ? ಸದ್ಯಕ್ಕೆ ಹಾಕಿಲ್ಲ. ನಾಲ್ಕೂ ಜಾಬ್ ಕಾರ್ಡುಗಳ ಜೆರಾಕ್ಸ್ ಕಳಿಸಿಕೊಡಿ, ಅದರಲ್ಲಿ ನೀರು ಅನ್ನುವ ಪದ ಎಲ್ಲಾದರೂ ಇದೆಯಾ ನೋಡೋಣ.