ರಕ್ತ ಕುಡಿಯುವವನಿಗೂ ಒಂದು ಕರಾರು ಇರುತ್ತದೆ

ನಮಸ್ಕಾರ.

ನೀವು ಪ್ರಕಟಣೆಗೆ ಕಳಿಸಿದ ಲೇಖನ ಕೈಗೆ ಬಂದು ಹದಿನೈದು ದಿನ ಆಯಿತು. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕೆಲಸ ಜಾಸ್ತಿ ಇತ್ತು ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಇಳಿಯಲಿ ಅಂತ ಕಾದೆ. ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದೀರಿ, ಹಾಗಾಗಿ ನೀವು ಇಲ್ಲಿ ಬರೀ ಕಾರವಾರದ ಲೇಖಕಿ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಇವರು ಕೆಲಸಕ್ಕೆಂದು ಕುಮಟಾದಿಂದ ಕಾರವಾರಕ್ಕೆ ದಿನಾ ರೈಲಿನಲ್ಲಿ ಓಡಾಡುತ್ತಾರೆ. ಹೋದ ಮಳೆಗಾಲದಲ್ಲಿ ಮೊಬೈಲಿನಲ್ಲಿ 11 ಇಂಗ್ಲಿಷ್ ಕಾದಂಬರಿ ಓದಿದ್ದಾರೆ. ಎಲ್ಲವೂ ಫ್ಯಾಂಟಸಿ, ಇಲ್ಲವೇ ಪಾರಾನಾರ್ಮಲ್ ರೊಮ್ಯಾನ್ಸ್. ಅಂದರೆ ರಕ್ತ ಕುಡಿಯುವವರು, ಹುಣ್ಣಿಮೆಗೆ ತೋಳ ಆಗುವವರು, ಕಾಡಿನ ಮಾಯಾವಿ ರಾಜಕುಮಾರರು, ಇವರ ಜತೆ ಮನುಷ್ಯ ಹುಡುಗಿಯರ ಪ್ರೇಮ. ಆ 11 ಪುಸ್ತಕಗಳ ಬಗ್ಗೆ ಮನಸ್ಸಿಗೆ ಅನಿಸಿದ್ದನ್ನು ಒಂಬತ್ತು ಪುಟ ಬರೆದು, ಒಂದೊಂದಕ್ಕೂ ನಕ್ಷತ್ರ ಕೊಟ್ಟು ಕಳಿಸಿದ್ದಾರೆ. ಶೀರ್ಷಿಕೆ, 'ರಕ್ತ ಕುಡಿಯುವವರ ಜತೆ ಒಂದು ಮಳೆಗಾಲ'.

ಶೀರ್ಷಿಕೆ ಚೆನ್ನಾಗಿದೆ. ಅಕ್ಷರದ ತಪ್ಪು ಕಡಿಮೆ. ರೈಲು ಸುರಂಗ ಹೊಕ್ಕಾಗ ಎದುರು ಸೀಟಿನ ಮೀನುಬುಟ್ಟಿಯ ಅಜ್ಜಿಯ ಮುಖ ಮಾಯವಾಗಿ, ನಿಮ್ಮ ಮೊಬೈಲಿನ ಬೆಳಕಷ್ಟೇ ಉಳಿಯುತ್ತದೆ ಅಂತ ಎರಡನೇ ಪುಟದಲ್ಲಿ ಬರೆದಿದ್ದೀರಲ್ಲ, ಅದನ್ನು ಎರಡು ಸಲ ಓದಿದೆ. ಹೊಗಳಿಕೆ ಇಷ್ಟೇ.

ಈಗ ಮೂರನೇ ಪುಟದ ಮೊದಲ ಸಾಲು. "ಫ್ಯಾಂಟಸಿ ಅಂದಮೇಲೆ ಲಾಜಿಕ್ ಕೇಳಬಾರದು, ಸುಮ್ನೆ ಎಂಜಾಯ್ ಮಾಡಬೇಕು."

ಯಾರು ಹೇಳಿದ್ದು ನಿಮಗೆ ಇದನ್ನು?

ಈ ಸಾಲನ್ನು ನೀವು ಎಲ್ಲಿ ಬರೆದಿದ್ದೀರಿ ನೋಡಿ. ನಾಲ್ಕನೇ ಪುಸ್ತಕದ ರಕ್ತ ಕುಡಿಯುವವನು, ಕರೆಯದೆ ಯಾರ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ ಅಂತ ಎರಡನೇ ಅಧ್ಯಾಯದಲ್ಲಿ ಬರುತ್ತದಂತೆ. ಒಂಬತ್ತನೇ ಅಧ್ಯಾಯದಲ್ಲಿ ಅವನು ನಡುರಾತ್ರಿ ಕಿಟಕಿಯಿಂದ ಇಳಿದು, ಮಲಗಿದ ಹುಡುಗಿಯನ್ನು ನೋಡುತ್ತಾ ನಿಂತಿರುತ್ತಾನಂತೆ. ನಿಮ್ಮ ತಲೆಗೆ ತಟ್ಟನೆ ಹೊಳೆದಿದೆ, "ಯಾರೂ ಕರೆದಿರಲಿಲ್ಲವಲ್ಲ" ಅಂತ. ಬರೆದೂ ಇದ್ದೀರಿ. ಬರೆದ ಮೇಲೆ ಹೆದರಿ, ಲಾಜಿಕ್ ಕೇಳಬಾರದು ಅಂತ ನಿಮ್ಮ ಬಾಯಿಯನ್ನು ನೀವೇ ಮುಚ್ಚಿಕೊಂಡಿದ್ದೀರಿ. ಆಮೇಲೆ ಆ ದೃಶ್ಯಕ್ಕೆ "ಸೋ ಕ್ಯೂಟ್" ಅಂತ ಒಂದು ಮಾತು, ಐದು ನಕ್ಷತ್ರ. ಒಂಬತ್ತು ಪುಟದಲ್ಲಿ ನೀವು ಓದುಗರಾಗಿ ಯೋಚಿಸಿದ್ದು ಆ ಒಂದೇ ಕಡೆ, ಅಲ್ಲೇ ಕ್ಷಮೆ ಕೇಳಿದ್ದೀರಿ. ಸಿಟ್ಟು ಬರದೆ ಇನ್ನೇನಾಗುತ್ತದೆ?

ಆ ಹೊಸ್ತಿಲಿನ ಮಾತು ಸಣ್ಣದಲ್ಲ ತಂಗಿ. ಬ್ರಾಮ್ ಸ್ಟೋಕರ್‌ನ ಡ್ರಾಕುಲಾ ಬಂದದ್ದು 1897ರಲ್ಲಿ. ಅದರಲ್ಲೂ ಅವನು ಮೊದಲ ಸಲ ಒಂದು ಮನೆಯೊಳಗೆ ಬರಬೇಕಾದರೆ ಮನೆಯವರಲ್ಲಿ ಒಬ್ಬರು ಬಾ ಅನ್ನಬೇಕು. ಗೋಡೆ ಹತ್ತಬಲ್ಲ, ಬಾವಲಿ ಆಗಬಲ್ಲ, ಮಂಜಾಗಿ ಸಂದಿಯಲ್ಲಿ ನುಸುಳಬಲ್ಲ. ಆದರೆ ಬಾ ಅನ್ನುವ ಒಂದು ಮಾತಿಗೆ ಕಾಯಬೇಕು. ನಮ್ಮಲ್ಲಿ ಇದನ್ನು ಗೊತ್ತಿಲ್ಲದವರು ಯಾರಿದ್ದಾರೆ? ರಾತ್ರಿ ಬಾಗಿಲಲ್ಲಿ ನಿಂತು ಮನೆಯವರ ದನಿಯಲ್ಲೇ ಕರೆಯುವ ದೆವ್ವಕ್ಕೆ ಹೆದರಿ, ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿರಲಿಲ್ಲವಾ? ನನ್ನ ಸೋದರತ್ತೆಯ ಮನೆಯ ಬಾಗಿಲಲ್ಲೂ ಇತ್ತು. ದೆವ್ವ ಬರುತ್ತದೆ, ಓದುತ್ತದೆ, ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರ ಬರುವ ದೆವ್ವ, ಮಾತಿಗೆ ತಪ್ಪದ ದೆವ್ವ. ಅದು ಒಂದು ದಿನ 'ಇರಲಿ ಬಿಡು' ಅಂತ ಕಿಟಕಿಯಿಂದ ಇಳಿದಿದ್ದರೆ ಆ ಕಥೆ ನಮ್ಮ ತನಕ ಬರುತ್ತಲೇ ಇರಲಿಲ್ಲ.

ಪ್ರೇಮದ ಕಥೆಯಲ್ಲಂತೂ ಈ ಕರಾರು ಇನ್ನೂ ಮುಖ್ಯ. ಬಾಗಿಲ ಹೊರಗೆ ನಿಂತವನು ತನ್ನನ್ನು ಕೊಲ್ಲಬಹುದು ಅಂತ ಅವಳಿಗೆ ಗೊತ್ತು. ಗೊತ್ತಿದ್ದೂ ಬಾ ಅನ್ನುತ್ತಾಳೋ ಇಲ್ಲವೋ? 300 ಪುಟದ ಪುಸ್ತಕ ನಿಲ್ಲಬೇಕಾದದ್ದು ಆ ಒಂದು ಮಾತಿನ ಮೇಲೆ. ಅವನೇ ಕಿಟಕಿಯಿಂದ ಇಳಿದುಬಿಟ್ಟರೆ ಅವಳಿಗೆ ಹೇಳುವುದಕ್ಕೆ ಏನು ಉಳಿಯಿತು? ಬರೆದವರು ತಮ್ಮ ಕಥೆಯ ಜೀವವನ್ನು ತಾವೇ ತೆಗೆದಿದ್ದಾರೆ. ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಕಂಡದ್ದನ್ನು ಹೇಳಬೇಕಿತ್ತು.

ಹಳೆಯ ಕಥೆಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಊರ್ವಶಿ ಪುರೂರವನ ಜತೆ ಇರುತ್ತೇನೆ ಅಂದಾಗ ಕರಾರು ಹಾಕಿದಳು, ನೀನು ಬೆತ್ತಲೆ ಇರುವುದು ನನ್ನ ಕಣ್ಣಿಗೆ ಬೀಳಬಾರದು ಅಂತ. ಗಂಧರ್ವರು ಅವಳ ಮಂಚಕ್ಕೆ ಕಟ್ಟಿದ್ದ ಕುರಿಗಳನ್ನು ಕದ್ದರು. ಇವನು ಬಟ್ಟೆಯ ಪರಿವೆ ಇಲ್ಲದೆ ಎದ್ದು ಓಡಿದ. ಮಿಂಚು ಹೊಡೆಸಿದರು. ಮುಗಿಯಿತು, ಹೋದಳು. ಗಂಗೆ ಶಂತನುವಿಗೆ ಪ್ರಶ್ನೆ ಕೇಳಬಾರದು ಅಂದಳು. ಏಳು ಮಕ್ಕಳು ನೀರು ಪಾಲಾಗುವವರೆಗೆ ಅವನು ಹಲ್ಲು ಕಚ್ಚಿಕೊಂಡು ಇದ್ದ, ಎಂಟನೆಯದಕ್ಕೆ ಆಗಲಿಲ್ಲ. ಹಿಡಿಂಬೆ ಭೀಮನನ್ನು ಕೇಳಿದಾಗ ಧರ್ಮರಾಯ ಏನಂದ? ಹಗಲೆಲ್ಲ ಕರೆದುಕೊಂಡು ತಿರುಗು, ಕತ್ತಲಾಗುವಾಗ ತಂದು ಬಿಡು ಅಂದ. ಹಾಸ್ಟೆಲ್ ವಾರ್ಡನ್ ಹಾಗೆ! ರಾಕ್ಷಸಿ ಒಪ್ಪಿದಳು, ನಡೆದೂಕೊಂಡಳು. ಸಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರ 1988ರ 'ನಾಗಮಂಡಲ'ದಲ್ಲೂ ಅಷ್ಟೇ. ರಾತ್ರಿ ಗಂಡನ ರೂಪದಲ್ಲಿ ಹಾವು ಬರುತ್ತದೆ, ಯಾಕೆ ಏನು ಅಂತ ಕೇಳುವಂತಿಲ್ಲ. ಇವರೆಲ್ಲ ಲಾಜಿಕ್ ಬಿಟ್ಟವರಾ? ನಮ್ಮ ನಿಮ್ಮ ಮನೆಯ ಬಾಡಿಗೆ ಕರಾರಿಗಿಂತ ಇವು ಬಿಗಿ.

ಮಾಯೆಯ ಕಥೆ ಅಂದರೆ ಏನು ಬೇಕಾದರೂ ಆಗಬಹುದು ಅನ್ನುವ ಈ ನಂಬಿಕೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮೊದಲ ಸುಳ್ಳನ್ನು ನಾವು ಖುಷಿಯಿಂದ ನಂಬುತ್ತೇವೆ. ಎರಡನೆಯದು ಮೊದಲನೆಯದರ ಜತೆ ಜಗಳ ಆಡಬಾರದು, ಅಷ್ಟೇ ನಾನು ಕೇಳುವುದು.

ಇದೇ ಜಾತಿಯ ಇನ್ನೊಂದು ಸಾಲು ಐದನೇ ಪುಟದಲ್ಲಿದೆ. "ಹೀರೋಗೆ 400 ವರ್ಷ, ಆದರೂ ಸಖತ್ ಹ್ಯಾಂಡ್‌ಸಮ್." ಸರಿ. ಆ 400 ವರ್ಷ ಅವನು ಏನು ಮಾಡಿದ? ನಿಮ್ಮ ಲೇಖನದ ಪ್ರಕಾರ ಅವನು ಕಾಲೇಜಿನ ಪಾರ್ಕಿಂಗ್‌ನಲ್ಲಿ ಬೈಕಿಗೆ ಒರಗಿ ನಿಲ್ಲುತ್ತಾನೆ, ಹುಡುಗಿ ಬೇರೆ ಹುಡುಗನ ಜತೆ ಮಾತಾಡಿದರೆ ಮುಖ ಊದಿಸಿಕೊಳ್ಳುತ್ತಾನೆ. 400 ವರ್ಷ ಅಂದರೆ ಎಷ್ಟು ಅಂತ ನಮ್ಮ ಕಡೆಯ ಲೆಕ್ಕದಲ್ಲಿ ನೋಡಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ, ಕಾಳುಮೆಣಸಿನ ಕಾಲ ಅದು. ನಿಮ್ಮ ಹೀರೋ ಈ ಕಡೆಯವನಾಗಿದ್ದರೆ ಆ ದೋಣಿಯನ್ನು ದಡದಲ್ಲಿ ನಿಂತು ನೋಡಿರುತ್ತಿದ್ದ. ಆಮೇಲೆ ಪೋರ್ಚುಗೀಸರು ಹೋದದ್ದು, ಹೈದರ ಬಂದದ್ದು, ಇಂಗ್ಲಿಷರು ಬಂದು ಹೋದದ್ದು, ಘಟ್ಟದ ಕೆಳಗೆ ರೈಲು ಬಂದದ್ದು, ಎಲ್ಲ ನೋಡಿರುತ್ತಿದ್ದ. ಅಪ್ಪ, ಅಮ್ಮ, ಅಣ್ಣ, ಅಣ್ಣನ ಮೊಮ್ಮಗನ ಮರಿಮಗ, ಎಲ್ಲರ ತಿಥಿ ಮಾಡಿ ಮುಗಿಸಿರುತ್ತಿದ್ದ. ಅಂಥವನು 19 ವರ್ಷದ ಹುಡುಗಿಯ ಹತ್ತಿರ ಏನು ಮಾತಾಡುತ್ತಾನೆ? ಅವನಿಗೆ ಅವಳು ಯಾಕೆ ಬೇಕು? ಪುಸ್ತಕ ಇದಕ್ಕೆ ಉತ್ತರ ಕೊಟ್ಟಿದ್ದರೆ ಅದನ್ನು ನಮಗೆ ಹೇಳಿ. ಕೊಟ್ಟಿಲ್ಲದಿದ್ದರೆ ಒಂದು ನಕ್ಷತ್ರ ಕಿತ್ತುಕೊಳ್ಳಿ. 'ಸಖತ್ ಹ್ಯಾಂಡ್‌ಸಮ್' ಅಂದರೆ ನನಗೆ ತಿಳಿದದ್ದು ಸೊನ್ನೆ.

ಈ ಸಖತ್, ಸೂಪರ್, ಮಸ್ತ್‌ಗಳ ಮೇಲೆ ನನಗೆ ಹಳೆಯ ದ್ವೇಷ. ಅದರ ಕಥೆ ಹೇಳುತ್ತೇನೆ.

1986ರಲ್ಲಿ ನಾನು ಸಿರಸಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ಇಪ್ಪತ್ತು ವರ್ಷ. ಆಗಿನ್ನೂ ಅಲ್ಲಿ ಕೈಯಲ್ಲಿ ಅಚ್ಚಿನ ಮೊಳೆ ಜೋಡಿಸುವುದು. ಗೂಡು ಗೂಡು ಇರುವ ಮರದ ಪೆಟ್ಟಿಗೆ, ಒಂದೊಂದು ಗೂಡಿನಲ್ಲಿ ಒಂದೊಂದು ಅಕ್ಷರ, ಒತ್ತುಗಳಿಗೆ ಬೇರೆ ಗೂಡು. ಅಲ್ಲಿಂದ ಬರುತ್ತಿದ್ದ ವಾರಪತ್ರಿಕೆಗೆ ಒಂದು ಸಲ ನನ್ನ ಕೈಯಲ್ಲೇ ಬರೆಸಿದರು, ಸಿದ್ದಾಪುರದ ಹತ್ತಿರದ ಒಂದೂರಿನಲ್ಲಿ ರಾತ್ರಿಯಿಡೀ ನಡೆದ ತಾಳಮದ್ದಳೆಯ ಬಗ್ಗೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ 'ಕೃಷ್ಣ ಸಂಧಾನ'. ನಿದ್ದೆಗೆಟ್ಟು ಬಂದು ಒಂದೇ ಉಸಿರಿಗೆ ಬರೆದು ಕೊಟ್ಟೆ. ಮಧ್ಯಾಹ್ನ ಮೊಳೆ ಜೋಡಿಸುವ ಹಿರಿಯರು ಕವಳ ತುಂಬಿದ ಬಾಯಲ್ಲೇ ನನ್ನನ್ನು ಕರೆದರು.

"ತಂಗೀ, ಅದ್ಭುತ ಅಂತ ಏಳು ಸಲ ಬರದ್ದೆ. ಭ ಒತ್ತು ಗೂಡಲ್ಲಿ ನಾಲ್ಕೇ ಇದ್ದು. ಉಳಿದ ಮೂರು ಕಡೆ ಅಂವ ಎಂತ ಮಾಡ್ದ ಹೇಳಿ ಬರಿ."

ಅಳು ಬಂತು ನನಗೆ. ಅವರೇನೂ ವಿಮರ್ಶೆ ಮಾಡಲಿಲ್ಲ, ಅವರ ಹತ್ತಿರ ನಿಜವಾಗಿಯೂ ಮೊಳೆ ಇರಲಿಲ್ಲ. ಆದರೆ ಕೂತು ಯೋಚಿಸಿದೆ, ಕೃಷ್ಣನ ಅರ್ಥ, ಅಂದರೆ ಕೃಷ್ಣನ ಮಾತು ಹೇಳಿದವರು ಏನು ಮಾಡಿದ್ದರು ಅಂತ. ನಮ್ಮ ಅರಮನೆ ಬಿಟ್ಟು ವಿದುರನ ಮನೆಯಲ್ಲಿ ಯಾಕೆ ಉಂಡೆ ಅಂತ ಕೌರವ ಕೇಳಿದಾಗ, ಅವರು ಉತ್ತರ ಕೊಡದೆ ಹೆಗಲ ಶಾಲು ತೆಗೆದು, ಮಡಚಿ, ಮತ್ತೆ ಹೆಗಲಿಗೆ ಹಾಕಿಕೊಂಡಿದ್ದರು. ಅಷ್ಟು ಹೊತ್ತು ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಅದನ್ನು ಬರೆದೆ. ಮೂರು ಒತ್ತು ಉಳಿಯಿತು. ಆಮೇಲೆ ನೋಡಿದರೆ ಉಳಿದ ನಾಲ್ಕೂ ಬೇಕಾಗಿರಲಿಲ್ಲ.

ನಿಮ್ಮ ಒಂಬತ್ತು ಪುಟದಲ್ಲಿ ಸಖತ್ 14 ಸಲ, ಸೂಪರ್ 9 ಸಲ ಇದೆ. ಮೊಬೈಲಿನಲ್ಲಿ ಮೊಳೆ ಖಾಲಿ ಆಗುವುದಿಲ್ಲ, ಅದೇ ತೊಂದರೆ.

ಹಾಗೆಯೇ ಏಳನೇ ಪುಟದ "ಮೊದಲ ನೋಟಕ್ಕೇ ಅವಳ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು". ಇದು ಆ ಪುಸ್ತಕದ ಸಾಲನ್ನು ಹಾಗೇ ಎತ್ತಿ ಕನ್ನಡದಲ್ಲಿ ಇಟ್ಟದ್ದು ಅಂತ ಮೇಲೆ ನೋಡಿದರೆ ಸಾಕು, ಗೊತ್ತಾಗುತ್ತದೆ. ಕಾರವಾರದಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವುದು ಮೀನಿನ ಮುಳ್ಳು. ಎದೆ ಧಸಕ್ಕೆಂದಿತು ಅನ್ನಿ, ಕಾಲು ಅಲ್ಲೇ ನಿಂತಿತು ಅನ್ನಿ. ನಿಮ್ಮ ಅಮ್ಮನಿಗೆ ಈ ಕಥೆ ಹೇಳುವುದಾದರೆ ಹೇಗೆ ಹೇಳುತ್ತೀರೋ ಹಾಗೆ ಬರೆಯಿರಿ.

ಇನ್ನು ಕೊನೆಯ ಪ್ಯಾರಾ. "ಇದೆಲ್ಲ ಟೈಮ್‌ಪಾಸ್ ಅಂತ ಗೊತ್ತು, ಗಂಭೀರ ಸಾಹಿತ್ಯ ಓದುವವರು ಕ್ಷಮಿಸಬೇಕು." ನಾನು ಕ್ಷಮಿಸುವುದಿಲ್ಲ, ಕ್ಷಮೆ ಕೇಳಿದ್ದಕ್ಕೆ. ಪ್ರೆಸ್ಸಿನ ಸಂಬಳ ಕೈಗೆ ಬಂದ ದಿನ ನಾನು ಓಡುತ್ತಿದ್ದದ್ದು ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಗೆ. ತ್ರಿವೇಣಿ, ಸಾಯಿಸುತೆ, ಸಿಕ್ಕಿದ್ದೆಲ್ಲ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಓದಿ ಒಂದು ತಿಂಗಳು ರಾತ್ರಿ ಒಬ್ಬಳೇ ಹಿತ್ತಲಿಗೆ ಹೋಗಿರಲಿಲ್ಲ. ಪೇಪರಿನ ರಟ್ಟು ಹಾಕಿ, ಮೇಲೆ 'ಅರ್ಥಶಾಸ್ತ್ರ' ಅಂತ ಬರೆದು ಓದುತ್ತಿದ್ದೆ. ಅಪ್ಪನಿಗೆ ಗೊತ್ತಿತ್ತು ಅಂತ ಈಗ ಅನಿಸುತ್ತದೆ, ಅರ್ಥಶಾಸ್ತ್ರ ಓದಿ ಯಾರೂ ಅಷ್ಟು ಹೆದರುವುದಿಲ್ಲ. ಹಾಗೆ ಕದ್ದು ಓದಿದವಳಿಗೇ ನೀವು ಕ್ಷಮಿಸಿ ಅಂತ ಬರೆದಿದ್ದೀರಿ. ಆ ಪ್ಯಾರಾ ಹೊಡೆದು ಹಾಕಿದ್ದೇನೆ. ಇಷ್ಟಪಟ್ಟು ಓದಿದ್ದನ್ನು ಇಷ್ಟಪಟ್ಟೆ ಅನ್ನಿ, ಯಾಕೆ ಅಂತ ಹೇಳಿ, ಎಲ್ಲಿ ಮೋಸ ಆಯಿತು ಅಂತಲೂ ಹೇಳಿ.

ಉಳಿದ ಪುಸ್ತಕಗಳ ಬಗ್ಗೆ, ಆ ಡ್ರ್ಯಾಗನ್ ಬಗ್ಗೆ, ತೋಳಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಂದನ್ನು ಬಿಟ್ಟು.

ಎಂಟನೇ ಪುಟದ ಕೊನೆಯಲ್ಲಿ, ಇನ್ನೇನು ಮುಗಿಸುವ ಅವಸರದಲ್ಲಿ, ಅರ್ಧ ಸಾಲು ಬರೆದಿದ್ದೀರಿ. "ಈ ಪುಸ್ತಕದ ಮಾಯಾವಿಗಳು ಸುಳ್ಳು ಹೇಳುವಂತಿಲ್ಲ, ಹೀರೋ ಕೂಡ." ಅದರ ಮುಂದೆ ಅರ್ಧ ಪುಟ ಅವನ ದವಡೆ, ಅವನ ಕಣ್ಣಿನ ಬಣ್ಣ. ಅಯ್ಯೋ! ಸುಳ್ಳು ಹೇಳಲಾರದ ಪ್ರೇಮಿ ಅಂದರೆ ಏನು ಅಂತ ಯೋಚಿಸಿದ್ದೀರಾ? ಅಂಥವನು ಮೋಸ ಮಾಡಬೇಕಾದರೆ ನಿಜವನ್ನೇ ಇಟ್ಟುಕೊಂಡು ಮಾಡಬೇಕು. ಧರ್ಮರಾಯ ಅಶ್ವತ್ಥಾಮ ಸತ್ತ ಅಂತ ಜೋರಾಗಿ ಹೇಳಿ, ಆನೆ ಅನ್ನುವುದನ್ನು ಗಂಟಲಲ್ಲೇ ನುಂಗಿದ ಹಾಗೆ. ನನ್ನನ್ನು ಪ್ರೀತಿಸುತ್ತೀಯಾ ಅಂತ ಅವಳು ಕೇಳಿದಾಗ ಇವನು ಏನಂದ? ಮಾತು ತಪ್ಪಿಸಿದನಾ? ಅವಳೇ ಬೇರೆ ಪ್ರಶ್ನೆ ಕೇಳುವ ಹಾಗೆ ಮಾಡಿದನಾ? ಅವಳಿಗೆ ಯಾವ ಪುಟದಲ್ಲಿ ಗೊತ್ತಾಯಿತು? ನಿಮಗೆ ಯಾವ ಪುಟದಲ್ಲಿ ಗೊತ್ತಾಯಿತು, ಆಗ ರೈಲು ಎಲ್ಲಿತ್ತು?

ಹನ್ನೊಂದು ಪುಸ್ತಕ ಬೇಡ. ಈ ಒಂದರ ಬಗ್ಗೆ ನಾಲ್ಕು ಪುಟ ಬರೆದು ಕಳಿಸಿ, ನಕ್ಷತ್ರ ಬೇಡ. ಮುಂದಿನ ತಿಂಗಳ 10ರ ಒಳಗೆ ಬಂದರೆ ಹಾಕಲು ನೋಡುತ್ತೇನೆ. ಅದಕ್ಕಿಂತ ಮೊದಲು, ಇವತ್ತೇ ಆದರೂ ಸರಿ, ಆ ಪುಸ್ತಕದ ಹೆಸರು ತಿಳಿಸಿ. ಎಂಟನೇ ಪುಟವನ್ನು ಮೂರು ಸಲ ಹುಡುಕಿದೆ, ನೀವು ಹೆಸರು ಬರೆಯುವುದನ್ನೇ ಮರೆತಿದ್ದೀರಿ.