ರಾಜಧಾನಿ ಬಿದ್ದ ದಿನ ಸೈನ್ಯ ಎಲ್ಲಿತ್ತು?

ಮಾನ್ಯರೇ,

ನೀವು ಕಳುಹಿಸಿದ ‘ರಾಜಧಾನಿಯ ಪತನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ನಿಮ್ಮ ಭಾಷೆಯಲ್ಲಿ ಕಸುವಿದೆ, ಎತ್ತಿಕೊಂಡ ವಿಷಯವೂ ದೊಡ್ಡದು. ಆದ್ದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಶತ್ರುವಿನ ರಾಜಧಾನಿ ಕೈವಶವಾದರೆ ಯುದ್ಧ ಮುಗಿದಂತೆಯೇ ಎಂಬುದು ನಿಮ್ಮ ವಾದ. ಇದಕ್ಕೆ ಹೊಂದದ, 1812ರಲ್ಲಿ ಫ್ರಾನ್ಸಿನ ನೆಪೋಲಿಯನ್ ಹಿಡಿದ ಮಾಸ್ಕೋವನ್ನು ‘ಚಳಿಯಿಂದಾದ ಅಪವಾದ’ ಎಂದು ಒಂದೇ ಸಾಲಿನಲ್ಲಿ ಬದಿಗೆ ಸರಿಸಿದ್ದೀರಿ. ಲೇಖನ ಎಡವಿದ್ದು ಅಲ್ಲಿಯೇ. ಆಗ ರಷ್ಯಾದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್. ಮಾಸ್ಕೋ ಹಳೆಯ ರಾಜಧಾನಿ, ರಷ್ಯಾದ ಚಕ್ರವರ್ತಿಗಳಾದ ತ್ಸಾರರ ಪಟ್ಟಾಭಿಷೇಕ ನಡೆಯುತ್ತಿದ್ದ ಪವಿತ್ರ ನಗರ. ಸೆಪ್ಟೆಂಬರ್ 14ರಂದು ಅದನ್ನು ಹೊಕ್ಕ ನೆಪೋಲಿಯನ್, ಊರಿನ ಬಹುಭಾಗ ಸುಟ್ಟುಹೋದ ಮೇಲೂ, ತ್ಸಾರ್ ಅಲೆಕ್ಸಾಂಡರನಿಂದ ಸಂಧಿಯ ಉತ್ತರ ಬಂದೀತೆಂದು ಕಾದು, ಅಕ್ಟೋಬರ್ 19ರಂದು, ಕಡುಚಳಿ ಆರಂಭವಾಗುವ ಮೊದಲೇ, ಹೊರಟುಬಿಟ್ಟ. ಉತ್ತರ ಬರಲಿಲ್ಲ. ಬೊರೊಡಿನೊ ಕದನದ ಬಳಿಕ ಹಿಂದೆ ಸರಿದಿದ್ದ ರಷ್ಯಾದ ಸೇನಾಪತಿ ಕುಟುಜೋವನ ಸೈನ್ಯ ಉಳಿದುಕೊಂಡಿತ್ತು, ಆ ವಾರಗಳಲ್ಲಿ ತರುಟಿನೊ ಶಿಬಿರದಲ್ಲಿ ಬಲ ತುಂಬಿಕೊಳ್ಳುತ್ತಿತ್ತು. ಹಿಂದಿರುಗುವ ದಾರಿಯಲ್ಲಿ ಚಳಿ ಕೊಂದದ್ದು ನಿಜ. ಆದರೆ ನಗರ ಸಿಕ್ಕಿಯೂ ಶಾಂತಿ ಸಿಗದಿದ್ದದ್ದಕ್ಕೆ ಚಳಿ ಕಾರಣವಲ್ಲ.

ನಿಮ್ಮ ಮುಖ್ಯ ಸಾಕ್ಷಿಯಾದ ಪ್ಯಾರಿಸನ್ನು ಇದೇ ಬೆಳಕಿನಲ್ಲಿ ನೋಡಿ. 1940ರ ಜೂನ್ 14ರಂದು ಜರ್ಮನರು ಒಳಗೆ ಬರುವ ಹೊತ್ತಿಗೆ ಫ್ರಾನ್ಸಿನ ಅತ್ಯುತ್ತಮ ಪಡೆಗಳು ಉತ್ತರದಲ್ಲಿ ಸಿಕ್ಕಿಬಿದ್ದು ನಾಶವಾಗಿದ್ದವು, ಡನ್‌ಕರ್ಕ್ ಬಂದರಿನಿಂದ ಮಿತ್ರಪಡೆಗಳ ತೆರವೂ ಮುಗಿದಿತ್ತು. ಬೋರ್ಡೊ ನಗರಕ್ಕೆ ಸರಿದ ಫ್ರೆಂಚ್ ಸರ್ಕಾರದಲ್ಲಿ ಉತ್ತರ ಆಫ್ರಿಕಾದಿಂದ ಹೋರಾಟ ಮುಂದುವರಿಸಬೇಕೆಂಬ ದನಿಯೂ ಇತ್ತು. ಆದರೆ ಹೊಸ ಪ್ರಧಾನಿ ಪೆತಾಂ ಕದನವಿರಾಮವನ್ನು ಆರಿಸಿಕೊಂಡರು. ಇದಕ್ಕೆ ತದ್ವಿರುದ್ಧವಾಗಿ, 1937ರ ಡಿಸೆಂಬರ್ 13ರಂದು ನಾನ್‌ಜಿಂಗ್ ಜಪಾನೀಯರ ವಶವಾಗುವ ಮುನ್ನವೇ ಚೀನಾ ಸರ್ಕಾರ ರಾಜಧಾನಿಯನ್ನು ಚಾಂಗ್‌ಚಿಂಗ್‌ಗೆ ಸಾಗಿಸುವುದಾಗಿ ಘೋಷಿಸಿತ್ತು, ಯುದ್ಧ 1945ರವರೆಗೂ ನಡೆಯಿತು. ಆದ್ದರಿಂದ ಪ್ರತಿ ಉದಾಹರಣೆಗೂ ಎರಡು ಪ್ರಶ್ನೆ ಹಾಕಿ: ನಗರ ಬಿದ್ದ ದಿನ ಸೈನ್ಯ ಎಲ್ಲಿತ್ತು, ಸರ್ಕಾರ ಏನು ನಿರ್ಧರಿಸಿತು?

ರೈಲುಮಾರ್ಗ, ಶಸ್ತ್ರಾಗಾರ, ಖಜಾನೆಗಳ ಬಗ್ಗೆ ನೀವು ಬರೆದಿರುವುದು ಸರಿಯಾಗಿದೆ, ಹಾಗೆಯೇ ಇರಲಿ.

ರಾಜಧಾನಿ ಒಂದು ಸಂಕೇತ ಎನ್ನುವ ಭಾಗದಲ್ಲಿ ಮಾತ್ರ ‘ರಾಷ್ಟ್ರದ ಹೃದಯ’, ‘ಆತ್ಮ’ ಎಂಬ ಪದಗಳೇ ಪುಟ ತುಂಬಿವೆ. ಅವುಗಳ ಬದಲು ಒಂದು ಕಟ್ಟಡವನ್ನು ತೋರಿಸಿ. 1945ರಲ್ಲಿ ಸೋವಿಯತ್ ಸೈನಿಕರು ಧ್ವಜವೇರಿಸಿದ ಬರ್ಲಿನ್ನಿನ ಹಳೆಯ ಸಂಸತ್ ಭವನ ರೈಖ್‌ಸ್ಟಾಗ್‌ನಲ್ಲಿ 1933ರ ಬೆಂಕಿಯ ಬಳಿಕ ಸಂಸತ್ತು ಸೇರಿರಲೇ ಇಲ್ಲ. ಹಿಟ್ಲರ್ ಆಳಿದ್ದೂ ಅಲ್ಲಿಂದಲ್ಲ. ಆದರೂ ಗೆಲುವಿನ ಚಿತ್ರವಾಗಿ ಜಗತ್ತಿನ ನೆನಪಿನಲ್ಲಿ ನಿಂತದ್ದು ಅದೇ. ಸಂಕೇತವನ್ನು ಗೆದ್ದವರೂ ಕಟ್ಟುತ್ತಾರೆ ಎಂಬುದನ್ನು ಈ ಒಂದು ಸಂಗತಿ ನಿಮ್ಮ ಎರಡು ಪುಟಗಳಿಗಿಂತ ಚೆನ್ನಾಗಿ ಹೇಳೀತು.

ಕೊನೆಯದಾಗಿ, ನನಗೆ ನೋವಾದ ಒಂದು ಮಾತು. ನಾನ್‌ಜಿಂಗ್ ಪತನವನ್ನು ‘ಪ್ರತಿಷ್ಠೆಯ ಗೆಲುವು’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಆ ಗೆಲುವಿನ ಮರುದಿನಗಳಲ್ಲಿ ಅಲ್ಲಿ ಸಾವಿರಾರು ನಿರಾಯುಧರ ಹತ್ಯೆಯಾಯಿತು, ಹೆಂಗಸರ ಮೇಲೆ ಅತ್ಯಾಚಾರಗಳು ನಡೆದವು. ನಗರವನ್ನು ನಕ್ಷೆಯ ಮೇಲಿನ ಚುಕ್ಕೆಯಾಗಿ ನೋಡುವ ಆ ವಾಕ್ಯವನ್ನು ತೆಗೆದು, ಅಲ್ಲಿದ್ದ ಜನರಿಗೆ ಒಂದು ಪ್ಯಾರಾ ಕೊಟ್ಟು, ಲೇಖನವನ್ನು ಮತ್ತೆ ಕಳುಹಿಸಿ. ಖಂಡಿತ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ