ಚೂರಾದ ಇಂಗಾಲದ ಗುಚ್ಛದಲ್ಲಿ ಇಲೆಕ್ಟ್ರಾನ್‌ಗಳ ಲೆಕ್ಕ

ಪ್ರಶ್ನೆ: ವೇಗವಾಗಿ ಸಾಗುವ ಧನಾವೇಶದ ಇಂಗಾಲದ ಗುಚ್ಛವು (ಕೆಲವೇ ಇಂಗಾಲ ಪರಮಾಣುಗಳು ಕೂಡಿಕೊಂಡ ಕಣ) ಪರಮಾಣುವಿಗೆ ಡಿಕ್ಕಿ ಹೊಡೆದಾಗ ಇಲೆಕ್ಟ್ರಾನೊಂದನ್ನು ಸೆಳೆದುಕೊಳ್ಳಬಹುದು, ಇಲ್ಲವೇ ಕಳೆದುಕೊಳ್ಳಬಹುದು ಎಂದು ಮಾನಸಗಂಗೋತ್ರಿಯ ಉಪನ್ಯಾಸವೊಂದರಲ್ಲಿ ಕೇಳಿದೆ. ಗುಚ್ಛವೇ ಚೂರಾಗಿಬಿಟ್ಟರೆ ಯಾವುದು ನಡೆಯಿತೆಂದು ತಿಳಿಯುವುದು ಹೇಗೆ?
– ಎಂ.ಎಸ್‌ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಚೂರುಗಳೆಲ್ಲವನ್ನೂ ಒಂದೂ ಬಿಡದಂತೆ ಹಿಡಿದು, ಅವುಗಳ ಆವೇಶವನ್ನು ಕೂಡಿಸಿದರೆ ತಿಳಿಯುತ್ತದೆ. ಹೀಗೆ ಕೂಡಿಸುವುದು ಏಕೆ ಸರಿಯೆಂಬುದನ್ನು ಮೊದಲು ನೋಡೋಣ. ಫ್ರಾನ್ಸಿನ ಓರ್ಸೆಯಲ್ಲಿ ನಡೆದ ಪ್ರಯೋಗಗಳಲ್ಲಿ ಪ್ರತಿ ಇಂಗಾಲ ಪರಮಾಣುವಿಗೆ 20 ಲಕ್ಷ ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟು ಗುಚ್ಛಗಳನ್ನು ಹೀಲಿಯಂ ಅನಿಲದೊಳಗೆ ಹಾಯಿಸಿದ್ದರು. ಆಗ ವೇಗ ಸೆಕೆಂಡಿಗೆ ಸುಮಾರು 5,700 ಕಿ.ಮೀ. ಆಗಿರುವುದರಿಂದ, ಪರಮಾಣುವಿನಷ್ಟು ದೂರ ದಾಟಲು ಹಿಡಿಯುವ ಸಮಯವು ಗುಚ್ಛದ ಪರಮಾಣುಗಳು ಒಮ್ಮೆ ಕಂಪಿಸುವ ಸಮಯದ ಸಾವಿರದಲ್ಲಿ ಒಂದು ಪಾಲು ಮಾತ್ರ. ಡಿಕ್ಕಿಯಲ್ಲಿ ಇಲೆಕ್ಟ್ರಾನ್‌ಗಳ ವ್ಯವಹಾರ ಮುಗಿದುಹೋಗುತ್ತದೆ. ಒಡೆಯುವುದು ಆಮೇಲಿನ ಮಾತು, ಮತ್ತು ಆ ಒಡೆತದಲ್ಲಿ ಒಟ್ಟು ಆವೇಶ ಬದಲಾಗುವುದಿಲ್ಲ.

ಆದ್ದರಿಂದ ಒಂದು ಧನಾವೇಶವಿದ್ದ ಗುಚ್ಛದ ಚೂರುಗಳ ಮೊತ್ತ ಸೊನ್ನೆಯಾದರೆ ಹೀಲಿಯಂನಿಂದ ಇಲೆಕ್ಟ್ರಾನ್ ಬಂದಿದೆ. ಎರಡಾದರೆ ಒಂದು ಇಲೆಕ್ಟ್ರಾನ್ ಹೋಗಿದೆ, ಎಂದರೆ ಅಯಾನೀಕರಣ. ಒಂದೇ ಉಳಿದರೆ ಗುಚ್ಛವು ಬರೀ ಉದ್ರೇಕಗೊಂಡು, ಎಂದರೆ ಹೆಚ್ಚಿನ ಶಕ್ತಿ ಪಡೆದು, ಒಡೆದಿದೆ. ವೇಗ ಹೆಚ್ಚಿದಂತೆ ಇಲೆಕ್ಟ್ರಾನ್ ಸೆಳೆತದ ಸಾಧ್ಯತೆ ಬಹು ಬೇಗ ಕುಗ್ಗುತ್ತದೆ, ಏಕೆಂದರೆ ನಿಂತ ಪರಮಾಣುವಿನ ಇಲೆಕ್ಟ್ರಾನ್ ಓಡುತ್ತಿರುವ ಗುಚ್ಛದ ವೇಗವನ್ನು ತಾನೂ ಪಡೆಯಬೇಕಾಗುತ್ತದೆ.

ಆವೇಶವಿರುವ ಚೂರುಗಳನ್ನು ವಿದ್ಯುತ್‌ಕ್ಷೇತ್ರ ಬೇರೆ ಬೇರೆ ದಾರಿಗೆ ತಿರುಗಿಸುತ್ತದೆ. ಕಷ್ಟವಿರುವುದು ಆವೇಶವಿಲ್ಲದ ಚೂರುಗಳಲ್ಲಿ. ಅವೆಲ್ಲ ನೇರವಾಗಿ ಹೋಗಿ ಒಂದೇ ಸಿಲಿಕಾನ್ ಡಿಟೆಕ್ಟರಿಗೆ ಒಟ್ಟಿಗೇ ಬೀಳುತ್ತವೆ. ಐದು ಪರಮಾಣುಗಳ ಇಡೀ ಗುಚ್ಛವಾದರೂ, ಎರಡು ಮತ್ತು ಮೂರರ ಎರಡು ಚೂರುಗಳಾದರೂ ಅಲ್ಲಿ ಅಳೆಯುವ ಶಕ್ತಿ ಅದೇ ಒಂದು ಕೋಟಿ ಇಲೆಕ್ಟ್ರಾನ್ ವೋಲ್ಟ್. ಆದರೆ ಡಿಟೆಕ್ಟರಿನಲ್ಲಿ ಹುಟ್ಟುವ ವಿದ್ಯುತ್ ಮಿಡಿತದ ಆಕಾರ ಎರಡಕ್ಕೂ ಒಂದೇ ಅಲ್ಲ. ಇಡೀ ಗುಚ್ಛ ಒಂದೇ ಜಾಗದಲ್ಲಿ ದಟ್ಟವಾಗಿ ಶಕ್ತಿ ಸುರಿದರೆ, ಚೂರುಗಳು ಅದನ್ನು ಹಂಚಿ ಸುರಿಯುತ್ತವೆ. ಆ ಆಕಾರವನ್ನೇ ಓದಿ ಚೂರುಗಳನ್ನು ಎಣಿಸಿದ ಜಾಣ್ಮೆ, ನನ್ನ ಮಟ್ಟಿಗೆ, ಈ ಕ್ಷೇತ್ರದ ಅತಿ ಸುಂದರ ಕೆಲಸ.

ಇಲೆಕ್ಟ್ರಾನ್ ಪಡೆದು ತಟಸ್ಥವಾದ ಸಣ್ಣ ಗುಚ್ಛಗಳು ಒಡೆಯುವಾಗ ಮೂರು ಪರಮಾಣುಗಳ ಚೂರು ಪದೇ ಪದೇ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಅದು ಬಲು ಸ್ಥಿರ. ಧೂಮಕೇತುಗಳ ಬೆಳಕಿನಲ್ಲಿ 405 ನ್ಯಾನೋಮೀಟರ್ ಬಳಿ ಕಾಣುವ ಪಟ್ಟೆಯೂ ಇದೇ ಅಣುವಿನದು. ಹೀಗಾಗಿ ಯಾವ ಗುಚ್ಛ ಯಾವ ಪ್ರಮಾಣದಲ್ಲಿ ಹೇಗೆ ಒಡೆಯುತ್ತದೆಂಬ ಅಳತೆಗಳನ್ನು ನಕ್ಷತ್ರಗಳ ನಡುವಿನ ರಸಾಯನವನ್ನು ಲೆಕ್ಕ ಹಾಕುವವರೂ ಬಳಸುತ್ತಾರೆ.